ಒಂದೇ ಫೋನಿನ ಎರಡು ವೈರು

ಕಾಲೇಜಿನ ಪ್ರಾಂಶುಪಾಲರಿಗೆ,

ಮಾನ್ಯರೇ, ಮೊದಲ ವರ್ಷದವಳು ನಿಮಗೆ ಹೀಗೆ ಊರೆಲ್ಲ ಓದುವಂತೆ ಬರೆಯುವುದೇ ತಪ್ಪು, ಸಾರಿ. ಆದರೆ ನಿಮ್ಮ ಬಾಗಿಲಲ್ಲಿ ನಿಂತಾಗಲೆಲ್ಲ ‘ಆಮೇಲೆ’ ಎಂದಿರಿ. ನನ್ನ ದೂರು ಇಷ್ಟೇ: ಕಚೇರಿಯ ನೆಟ್‌ವರ್ಕ್ ಸರಿಮಾಡಿದ್ದು ನಾನು, ಅದಕ್ಕಾಗಿ ರಾಯದುರ್ಗದ ಜೀನ್ಸ್ ಕಾರ್ಖಾನೆಯ ಕಂಪ್ಯೂಟರ್ ವಿಭಾಗಕ್ಕೆ ರಜೆಯ ತರಬೇತಿಗೆಂದು ನೀವು ಆರಿಸಿದ್ದು ನನ್ನ ಸಹಪಾಠಿ ಗೋವರ್ಧನ್‌ನನ್ನು.

ಹೌದು, ನನಗೆ ಹೊಟ್ಟೆಕಿಚ್ಚು. ಅವನ ಇಸ್ತ್ರಿ ಅಂಗಿಯ ಮೇಲೆ, ಅವನು ‘ಸರ್, ಬೇಸಿಕಲಿ’ ಎಂದೊಡನೆ ಅರಳುವ ನಿಮ್ಮ ಮುಖದ ಮೇಲೆ. ನನ್ನ ‘ಬೇಸಿಕಲಿ’ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಹೊಟ್ಟೆಕಿಚ್ಚು ಇದೆಯೆಂದ ಮಾತ್ರಕ್ಕೆ ನಡೆದದ್ದು ಸುಳ್ಳಾಗುತ್ತದೆಯೇ?

ಆಯುಧಪೂಜೆಗೆ ಕಚೇರಿಯ ಯಂತ್ರಗಳ ವೈರುಗಳನ್ನೆಲ್ಲ ಕಿತ್ತು, ಒರೆಸಿ, ಕುಂಕುಮ ಹಚ್ಚಿ, ತಿರುಗಿ ಜೋಡಿಸಿ, ಅರಿಶಿನದ ದಾರ ಕಟ್ಟಿದ್ದರು. ಹಬ್ಬದ ರಜೆ ಮುಗಿದು ಕಚೇರಿ ತೆರೆದಾಗ ನೆಟ್‌ವರ್ಕ್ ಸತ್ತಿತ್ತು. ಪರೀಕ್ಷೆಯ ಅರ್ಜಿ ಕೊಡಲು ಬಂದ ನಾನು ಗುಮಾಸ್ತರ ಮೇಜಿನ ಮೇಲೆ ನೆಟ್‌ವರ್ಕಿನಿಂದಲೇ ನಡೆಯುವ ಹೊಸ ಫೋನು ನೋಡಿದೆ. ಅದಕ್ಕೆ ಎರಡು ಕಿಂಡಿ. ಒಂದರ ವೈರು ನೆಟ್‌ವರ್ಕಿನ ಪೆಟ್ಟಿಗೆಗೆ ಹೋಗಬೇಕು, ಇನ್ನೊಂದರದು ಪಕ್ಕದ ಕಂಪ್ಯೂಟರಿಗೆ. ಪೂಜೆಯವರು ಎರಡನ್ನೂ ಪೆಟ್ಟಿಗೆಗೇ ಚುಚ್ಚಿದ್ದರು. ಹೋದ ಸಂದೇಶವೇ ಸುತ್ತಿ ಸುತ್ತಿ ಬಂದು ದಾರಿ ಕಟ್ಟಿತ್ತು.

“ಈ ವೈರ್ ಕೀಳ್ತೀನಿ ಕಣಣ್ಣ,” ಎಂದೆ ಅಟೆಂಡರ್ ಹುಲುಗಪ್ಪನವರಿಗೆ.

“ಬ್ಯಾಡವ್ವಾ! ಕಟ್ಟಿದ ದಾರ ಹುಣ್ವಿ ಮಟ ಬಿಚ್ಚಂಗಿಲ್ಲ. ಸಾಹೇಬ್ರಿಗೆ ಯಾರ್ ಹೇಳ್ತಾರ, ನೀನಾ?”

“ದಾರ ಮುಟ್ಟಲ್ಲ, ಈ ತುದಿ ಒಂದೇಯ. ದೇವ್ರು ಅತ್ಲಾಗಿರ್ಲಿ, ನೆಟ್ಟು ಇತ್ಲಾಗೆ ಬರ್ಲಿ.”

“ಮಡಕಶಿರದಾಕಿ ಬಾಯಿ ನೋಡ್ರಪ್ಪಾ!” ಎಂದು ನಕ್ಕರು.

ತುದಿ ಕಿತ್ತು ಕಂಪ್ಯೂಟರಿಗೆ ಹಾಕಿದೆ. ಅಷ್ಟರಲ್ಲಿ ಗೋವರ್ಧನ್ ಬಂದು ಪೆಟ್ಟಿಗೆಯ ಸ್ವಿಚ್ಚು ಆರಿಸಿ ಹಚ್ಚಿದ. ನೆಟ್‌ವರ್ಕ್ ಬಂತು, ನೀವೂ ಬಂದಿರಿ, “ಎಕ್ಸಲೆಂಟ್!” ಎಂದು ಅವನ ಬೆನ್ನು ತಟ್ಟಿದಿರಿ. “ಸರ್, ವೈರು...” ಎಂದೆ. “ಅರ್ಜಿ ಕೊಟ್ಟಾಯ್ತಲ್ಲಮ್ಮ, ಕ್ಲಾಸಿಗೆ ನಡಿ,” ಎಂದಿರಿ. ಬೆಳಗಿನಿಂದ ಗುಮಾಸ್ತರೂ ಆ ಪೆಟ್ಟಿಗೆಯನ್ನು ಆರಿಸಿ ಹಚ್ಚಿದ್ದೇ ಹಚ್ಚಿದ್ದು. ಆಗ ಬಾರದ ನೆಟ್‌ವರ್ಕ್ ಗೋವರ್ಧನನ ಇಂಗ್ಲಿಷಿಗೆ ಹೆದರಿ ಬಂತೇ?

ತರಬೇತಿ ತಪ್ಪಿದರೆ ಅವನು ಮನೆಯಲ್ಲಿ ಮಧ್ಯಾಹ್ನದವರೆಗೆ ಮಲಗುತ್ತಾನೆ. ನನಗೆ ಆ ಭಾಗ್ಯವಿಲ್ಲ. ನನ್ನ ತಾಯಿ ಓಬಳಮ್ಮ ಮಡಕಶಿರದ ಕಡೆಯ ನಮ್ಮೂರು ರತ್ನಗಿರಿ ಬಿಟ್ಟು ಬೆಂಗಳೂರಿನ ಗಾರ್ಮೆಂಟ್ಸ್ ಸೇರಿದವಳು. “ರಜೆಗೆ ಸುಮ್ಕೆ ಯಾಕ್ ಕೂತ್ಕಂತೀಯ? ನಮ್ ಲೈನಿಗೇ ಬಾ, ಸೂಪರ್‌ವೈಜರ್‌ಗೆ ಹೇಳಿವ್ನಿ,” ಎನ್ನುತ್ತಾಳೆ. ನನ್ನ ಹಾಸ್ಟೆಲ್ ರೂಮಿನ ವನಿತಾಳೂ ರಜೆಗೆಂದೇ ಗಾರ್ಮೆಂಟ್ಸಿಗೆ ಹೋದವಳು. ಅವಳ ಮಂಚದಲ್ಲಿ ಈಗ ಬೇರೊಬ್ಬಳು ಮಲಗುತ್ತಾಳೆ.

ಗೋವರ್ಧನನ ಹೆಸರು ಹೊಡೆದುಹಾಕಿ ಎನ್ನಲು ನಾಲಿಗೆ ತುರಿಸುತ್ತಿದೆ, ಕೇಳುವುದಿಲ್ಲ. ನಮ್ಮಿಬ್ಬರನ್ನೂ ಪರೀಕ್ಷಿಸಿ, ಗೆದ್ದವರನ್ನು ಕಳಿಸಿ. ಈ ಪತ್ರ ಓದಿ ಅವನು ಫೋನಿನ ಗುಟ್ಟು ಕಲಿತಿರುತ್ತಾನೆ. ಆದ್ದರಿಂದ ದಯವಿಟ್ಟು ಬೇರೇನನ್ನಾದರೂ ಕೆಡಿಸಿಡಿ.

ಶನಿವಾರ ಅಮ್ಮ ನನ್ನನ್ನು ಕರೆದೊಯ್ಯಲು ಬರುತ್ತಾಳೆ. ಅದಕ್ಕೆ ಮೊದಲು ಉತ್ತರ ಕೊಡಿ, ಸರ್.

ಇಂತಿ,
ಇಂಗ್ಲಿಷ್ ಸಾಲದೆ ನಿಮ್ಮ ಕಿವಿ ತಲುಪದ
ಸುಶ್ಮಿತಾ, ಪ್ರಥಮ ವರ್ಷ