ಗಲ್ಲಾ ಪಕ್ಕದ ಸ್ಟೂಲು

ಅಪ್ಪಾ,

ಇವತ್ತು ಪುಣೆಯಲ್ಲಿ ನಿಮ್ಮ ಬಿಬವೇವಾಡಿ ಹೋಟೆಲಿನ ಶಟರನ್ನು ಕೊನೆಯ ಸಲ ಎಳೆದು ಬಂದು, ಮನೆಯಲ್ಲಿ ಮುಖ ಬಿಗಿದು ಕೂತಿದ್ದೆ. ನಿಮ್ಮ ಮೊಮ್ಮಗಳು ಅಕ್ಕು ಚಹಾ ತಂದಳು.

"ಅಪ್ಪ, ವಡೆಗೆ ಯಾಕೆ ತೂತು ಗೊತ್ತುಂಟಾ? ಇಡ್ಲಿ ಬೈದದ್ದೆಲ್ಲ ಆಚೆ ಹೋಗ್ಲಿಕ್ಕೆ!"

ಜೋಕು ಚೆನ್ನಾಗಿತ್ತು, ನಮ್ಮ ವಂಶದ ಮಾಲಲ್ಲವೇ! ಆದರೆ ಕಪ್ಪು ಕೊಟ್ಟವಳು ನಾನು ನಗುತ್ತೇನಾ ಎಂದು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಚಿಕ್ಕವನಿದ್ದಾಗ, ನೀವು ಗಲ್ಲಾದಲ್ಲಿ ಹೀಗೇ ಮುಖ ಬಿಗಿದು ಕೂತರೆ ಅಮ್ಮ ನನ್ನ ಕೈಗೂ ಚಹಾ ಕೊಟ್ಟು, "ನಗಿಸಿ ಬಾ" ಎಂದು ಕಳಿಸುತ್ತಿದ್ದಳು. ನೀವು ನಕ್ಕ ಮೇಲೆಯೇ ನನಗೆ ಉಸಿರು.

"ನಗಿಸುದು ನಿನ್ನ ಕೆಲಸ ಅಲ್ಲ ಮಗಾ. ನನಗೆ ಬೇಜಾರು, ನಿನ್ನ ಮೇಲೆ ಕೋಪ ಅಲ್ಲ," ಎಂದೆ.

"ಹಾಗಾದ್ರೆ ಸುಮ್ನೆ ಕೂತ್ಕೊಳ್ಳುದಾ?"

ಕೂತಳು. ಚಹಾ ಆರಿತು. ಯಾರೂ ನಗಲಿಲ್ಲ, ಆದರೂ ಏನೂ ಕೆಡಲಿಲ್ಲ.

ನಿಮ್ಮ ಗಲ್ಲಾ ಪಕ್ಕದಲ್ಲೂ ಒಂದು ಸ್ಟೂಲು ಖಾಲಿ ಇರುತ್ತಿತ್ತು, ಅಪ್ಪಾ. ನಾನು ಒಮ್ಮೆಯೂ ಸುಮ್ಮನೆ ಬಂದು ಕೂರಲಿಲ್ಲ.