ಅತ್ತೆಯಲ್ಲಿ ಉಳಿದ ಒಂದು ಪದ

ಮನೆಯಿಂದ, ಹೊಲಿಗೆ ಮಿಷನ್ನಿನ ಮೇಲೆ ಕಾಗದ ಇಟ್ಟುಕೊಂಡು
ಭಾನುವಾರ ಮಧ್ಯಾಹ್ನ, ಹದಿನಾಲ್ಕನೇ ತಾರೀಖು

ನನ್ನ ಇವರಿಗೆ,

ಹೇಗಿದ್ದೀರಿ? ಬೆನ್ನು ನೋವು ಕಡಿಮೆಯಾಯಿತೇ? ಹಡಗಿನ ಇಂಜಿನ್ ರೂಮಿನಿಂದ ಬೆವರಿಕೊಂಡು ಮೇಲೆ ಬಂದವರೇ ತಣ್ಣೀರು ಸುರಿದುಕೊಳ್ಳಬೇಡಿ ಎಂದು ಹೇಳಿ ಹೇಳಿ ನನ್ನ ಬಾಯಿ ಸವೆದಿದೆ. ಕೇಳುವವರಾಗಿದ್ದರೆ ನೀವು ನೀವಾಗಿರುತ್ತಿರಲಿಲ್ಲ ಬಿಡಿ. ನನಗೇನು, ಗುಂಡುಕಲ್ಲಿನ ಹಾಗಿದ್ದೇನೆ. ಶಾಲೆ ಶುರುವಾಗುವ ಸಮಯವಾದ್ದರಿಂದ ಮನೆ ತುಂಬ ಯೂನಿಫಾರ್ಮಿನ ನೀಲಿ ಬಟ್ಟೆ. ಮಾವ ಗುಂಡಿ ಹೊಲಿದುಕೊಡುತ್ತಾರೆ. ಅರ್ಧಕ್ಕರ್ಧ ಸೊಟ್ಟ. ಅವರಿಗೆ ಗೊತ್ತಾಗದ ಹಾಗೆ ಬಿಚ್ಚಿ ಮತ್ತೆ ಹೊಲಿಯುತ್ತೇನೆ.

ಫೋನ್ ಇರುವಾಗ ಇವಳಿಗೇನು ಕಾಗದ ಬರೆಯುವ ಹುಚ್ಚು ಎನ್ನುತ್ತೀರಿ. ಫೋನು ಬಂದಾಗಲೆಲ್ಲ ಮಾವ ನನ್ನ ಪಕ್ಕದಲ್ಲೇ ನಿಂತಿರುತ್ತಾರೆ, ಅದಕ್ಕೆ. ನೀವು ಯಾವುದೋ ಬಂದರಿನಿಂದ ಮಾತನಾಡುತ್ತ ಅಮ್ಮನಿಗೆ ಕೊಡಿ ಎಂದಾಗ ಅವರು, "ನಿಮ್ಮಮ್ಮ ಪೆನ್ಶಿವ್ ಆಗಿದಾಳೆ ಕಣೋ, ಆಮೇಲೆ ಮಾಡು" ಎಂದರು. ನೀವು ನಕ್ಕಿರಿ. ಅದರ ಮುಂದಿನ ಸಲವೂ ಅದೇ ಮಾತು, ಅದೇ ನಗು. ಅದು ಸುಳ್ಳು. "ನೀರಿನ ಮಧ್ಯೆ ಇರೋನಿಗೆ ಹೇಳಿ ಏನು ಮಾಡೋಣ, ಈಜಿಕೊಂಡು ಬರ್ತಾನಾ" ಎಂದು ನನ್ನ ಬಾಯಿ ಮುಚ್ಚಿಸಿದರು. ಈಗ ನೀವು ಒಪ್ಪಂದವನ್ನು ಇನ್ನೊಂದು ವರ್ಷ ಮುಂದುವರಿಸಲೇ ಎಂದು ಕೇಳಿದ್ದೀರಿ. ಸಹಿ ಹಾಕುವ ಮೊದಲು ನಿಮಗೆ ಗೊತ್ತಿರಬೇಕು. ಅತ್ತೆಗೆ ಪಾರ್ಶ್ವವಾಯು ಹೊಡೆದಿದೆ. ಬಲಗೈ ಏಳುವುದಿಲ್ಲ. ಮಾತು ಹೋಗಿದೆ. ಸ್ವಲ್ಪ ಹೊತ್ತು ಕಾಗದ ಕೆಳಗಿಟ್ಟು, ಆಮೇಲೆ ಮುಂದೆ ಓದಿ.

ಪೆನ್ಸಿವ್ ಎಂಬ ಆ ಪದದ ಜೊತೆ ಹುಟ್ಟಿ ಬೆಳೆದವರು ನೀವು. ನಾನು ಮದುವೆಯಾಗಿ ಬಂದ ಮೇಲೆ ಕಲಿತವಳು. ಬಂದ ಹೊಸತರಲ್ಲಿ ಒಂದು ಸಂಜೆ ಅತ್ತೆ ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಎದುರಿನ ಬೇಕರಿಯ ಹಿಂಬಾಗಿಲಲ್ಲಿ ಖಾಲಿ ತಟ್ಟೆಗಳನ್ನು ತೊಳೆಯುತ್ತಿದ್ದರು, ಅತ್ತೆ ಅದನ್ನೇ ನೋಡುತ್ತಿದ್ದರು. ಬೇಜಾರಾಗಿದೆಯೇನೋ ಎಂದು ನಾನು ಹತ್ತಿರ ಹೋಗಿ ಕರೆದೆ. ನೀವೂ ಮಾವನೂ ಬೆರಳನ್ನು ತುಟಿಗಿಟ್ಟು ಕಳ್ಳರ ಹಾಗೆ ನನ್ನನ್ನು ಎಳೆದುಕೊಂಡು ಹೋದಿರಿ. ಆ ಕುರ್ಚಿಯಲ್ಲಿ ಕೂತವರು ಪೆನ್ಸಿವ್, ಅವರಾಗಿ ಏಳುವ ತನಕ ಯಾರೂ ಕರೆಯಬಾರದು, ಬೆಂಕಿ ಬಿದ್ದರೆ ಮಾತ್ರ ಕರೆಯಬಹುದು ಎಂಬುದು ಈ ಮನೆಯ ಕಾನೂನು ಎಂದು ಹೇಳಿದಿರಿ. ನನಗೆ ಒಳಗೊಳಗೇ ನಗು. ನಮ್ಮ ತವರಿನಲ್ಲಿ ಸುಮ್ಮನೆ ಕೂತವರ ಕೈಗೆ ಪೊರಕೆ ಕೊಡುತ್ತಿದ್ದರು.

ಆಮೇಲೆ ಅತ್ತೆ ನನಗೆ ಅದರ ಅರ್ಥ ಬಿಡಿಸಿದ್ದು ನೆನಪಿದೆಯೇ? ಅಷ್ಟು ವರ್ಷ ಇಂಗ್ಲಿಷ್ ಪಾಠ ಮಾಡಿದವರು, ಕನ್ನಡದಲ್ಲಿ ಅದಕ್ಕೊಂದು ಪದ ಸಿಗದೆ ಒದ್ದಾಡಿದರು. ಚಿಂತಾಮಗ್ನ ಎಂದರೆ ಸಾಲಗಾರ ಕಣ್ಣ ಮುಂದೆ ಬರುತ್ತಾನಂತೆ. ಧ್ಯಾನ ಎಂದರೆ ದೇವರು ಬಂದು ಕೂತುಬಿಡುತ್ತಾನಂತೆ. ಅನ್ಯಮನಸ್ಕ ಎಂದರೆ ಕೊನೆ ಬೆಂಚಿನ ಹುಡುಗ. "ಸುಮ್ನೆ ಕೂತು ಯೋಚನೆ ಮಾಡೋದು, ಅದರಲ್ಲಿ ಒಂದು ಚಿಟಿಕೆ ದುಃಖ ಇರಬೇಕು, ಜಾಸ್ತಿ ಆದ್ರೆ ಬೇರೆ ಪದ" ಎಂದರು. ಮುಖಕ್ಕೆ ಹೇಳಬಹುದು, ಮೌನಕ್ಕೆ ಹೇಳಬಹುದು, ಸಂಜೆಗೂ ಹೇಳಬಹುದು. ಹಾಲು ಚೆಲ್ಲಿ ಮೂಲೆಯಲ್ಲಿ ಕೂತ ಬೆಕ್ಕಿಗೆ ಹೇಳಬಹುದೇ ಎಂದು ನಾನು ಕೇಳಿದೆ. "ಅದು ಪೆನ್ಸಿವ್ ಅಲ್ಲ, ಅದು ನಾಟಕ" ಎಂದರು. ಮಾವ, "ಮಂಕು ಬಡಿದವರು ಅನ್ನು, ಮುಗೀತು. ಪೆನ್ಶಿವ್ ಅಂತೆ ಪೆನ್ಶಿವ್" ಎಂದು ಗೊಣಗಿದರು. "ಶಿ ಅಲ್ಲ ರೀ, ಸಿ. ಪೆನ್ಸಿವ್." ನಾನು ಬಂದಾಗಿನಿಂದ ಇವರು ತಪ್ಪು ಹೇಳುವುದು, ಅವರು ತಿದ್ದುವುದು. ಒಂದು ದಿನವಾದರೂ ಮಾವ ಸರಿ ಹೇಳಲಿಲ್ಲ, ಒಂದು ದಿನವಾದರೂ ಅತ್ತೆ ಸುಮ್ಮನೆ ಬಿಡಲಿಲ್ಲ.

ಪಾರ್ಶ್ವವಾಯು ಹೊಡೆದ ದಿನವೂ ಅತ್ತೆ ಅದೇ ಕುರ್ಚಿಯಲ್ಲಿ ಕೂತಿದ್ದರು. ಬೆಳಿಗ್ಗೆ ಮಾವ ಟೀ ತಂದು ಕಿಟಕಿಯ ಕಟ್ಟೆಯ ಮೇಲಿಟ್ಟು, ಸದ್ದಾಗದಂತೆ ಹಿಂದೆ ಸರಿದರು. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಟೀ ಹಾಗೇ ಇತ್ತು. ಕೆನೆ ಕಟ್ಟಿದ್ದ ಲೋಟ ತೆಗೆದು ಬಿಸಿ ಟೀ ತಂದಿಟ್ಟರು. ಅದೂ ಆರಿತು. ನಾನು ಮಿಷನ್ ತುಳಿಯುತ್ತಿದ್ದೆ. "ಇವತ್ತು ಭಾರೀ ಆಳಕ್ಕಿಳಿದಿದಾಳೆ ನಿಮ್ಮತ್ತೆ" ಎಂದು ಅವರು ಪಿಸುಗುಟ್ಟಿದರು. ಸದ್ದಿನಿಂದ ತೊಂದರೆಯಾಗುತ್ತದೆಂದು ನಾನು ಮಿಷನ್ ಕೂಡ ನಿಲ್ಲಿಸಿದೆ. ಯಾವ ಮನೆಯಲ್ಲೇ ಆಗಲಿ, ಯಾರಾದರೊಬ್ಬರು ಟೀ ಕುಡೀರಿ ಎಂದು ಭುಜ ಮುಟ್ಟುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಎಲ್ಲರೂ ತುದಿಗಾಲಲ್ಲಿ ಓಡಾಡಿದೆವು. ಊಟದ ಹೊತ್ತಿಗೆ ಅತ್ತೆಯ ಕನ್ನಡಕ ಜಾರಿ ನೆಲಕ್ಕೆ ಬಿತ್ತು. ಅವರು ಬಗ್ಗಲಿಲ್ಲ. ಆಗ ಹೋಗಿ ಮುಖ ನೋಡಿದೆ, ಬಾಯಿ ಒಂದು ಪಕ್ಕಕ್ಕೆ ಎಳೆದಿತ್ತು.

ಬೆಳಿಗ್ಗೆಯೇ ತಂದಿದ್ದರೆ ಬಹಳ ಮಟ್ಟಿಗೆ ಉಳಿಸಬಹುದಿತ್ತು ಎಂದು ಡಾಕ್ಟರು ಹೇಳಿದರು. ಯಾಕೆ ತರಲಿಲ್ಲ ಎಂದು ಕೇಳಿದರು. ಅವತ್ತಿನಿಂದ ಮಾವ ಟೀ ಕುಡಿಯುವುದಿಲ್ಲ.

ಅತ್ತೆಯನ್ನು ಮನೆಗೆ ಕರೆತಂದ ಮೇಲೂ ಎಷ್ಟೋ ಕಾಲ ಒಂದು ಸದ್ದಿಲ್ಲ. ಒಂದು ಮಧ್ಯಾಹ್ನ ಮಾವ ಹಾಸಿಗೆಯ ಪಕ್ಕ ಕೂತು, ಅಭ್ಯಾಸಬಲದಿಂದ, "ಏನೇ, ಪೆನ್ಶಿವ್ ಆಗಿದೀಯಾ" ಎಂದರು. ಹಾಸಿಗೆಯಿಂದ ಸ್ಪಷ್ಟವಾಗಿ, ಹಲ್ಲು ಕಚ್ಚಿದ 'ಸಿ' ಸಮೇತ ಉತ್ತರ ಬಂತು. "ಪೆನ್ಸಿವ್." ನಾವಿಬ್ಬರೂ ಅತ್ತುಬಿಟ್ಟೆವು. ಇನ್ನು ಮಾತೆಲ್ಲ ಒಂದೊಂದಾಗಿ ಬರುತ್ತದೆ ಎಂದುಕೊಂಡೆವು. ಬರಲಿಲ್ಲ. ಅದೊಂದೇ. ಹಸಿವಾದರೂ ಪೆನ್ಸಿವ್, ಬಾಯಾರಿದರೂ ಪೆನ್ಸಿವ್, ನೋವಾದರೆ ಅದನ್ನೇ ಕಿರುಚುತ್ತಾರೆ. ದನಿಯ ಏರಿಳಿತದಲ್ಲಿ ಯಾವುದು ಏನೆಂದು ಹಿಡಿಯಲು ನಾನು ಕಲಿತಿದ್ದೇನೆ, ಅದು ಕಷ್ಟವಲ್ಲ. ಕಷ್ಟವೆಂದರೆ, ಹೇಳಿದ ಮರುಕ್ಷಣ ಅದು ತಪ್ಪು ಪ್ರಯೋಗ ಎಂದು ಅವರಿಗೆ ಗೊತ್ತಾಗುತ್ತದೆ. ಪದವನ್ನು ಎಲ್ಲೆಂದರಲ್ಲಿ ಎಸೆಯಬೇಡಿ ಎಂದು ಮಕ್ಕಳ ಕಿವಿ ಹಿಂಡಿದ ಹೆಂಗಸು. ನೀರು ಬೇಕೆಂದು ಪೆನ್ಸಿವ್ ಎನ್ನುತ್ತಾರೆ, ಎಂದು ಮುಗಿಸಿ ಮುಖವನ್ನು ಗೋಡೆಗೆ ತಿರುಗಿಸಿಕೊಳ್ಳುತ್ತಾರೆ. ನೀರು ಹಿಡಿದು ನಿಂತ ನಾನು ಎತ್ತ ನೋಡಲಿ, ಹೇಳಿ.

ನನಗೆ ಭರವಸೆ ಉಳಿದಿಲ್ಲ. ನಿಮ್ಮ ಮುಂದೆ ಧೈರ್ಯವಂತೆಯ ವೇಷ ಹಾಕುವ ಶಕ್ತಿಯೂ ಇಲ್ಲ. ಕುರ್ಚಿಯನ್ನು ಅಟ್ಟಕ್ಕೆ ಹಾಕಿದ್ದೇನೆ. ಈಗ ಈ ಮನೆಯಲ್ಲಿ ಯಾರೂ ಒಂದು ಗಳಿಗೆ ಸುಮ್ಮನೆ ಕೂರುವ ಹಾಗಿಲ್ಲ. ಮಾವ ಕಣ್ಣು ಮುಚ್ಚಿದರೆ ನಾನು ಕರೆಯುತ್ತೇನೆ, ನಾನು ಸೂಜಿ ಹಿಡಿದು ನಿಂತರೆ ಅವರು ಕರೆಯುತ್ತಾರೆ. ದಯವಿಟ್ಟು ಸಹಿ ಹಾಕಬೇಡಿ. ಅಮ್ಮನ ದನಿ ಎಂದು ಉಳಿದಿರುವುದು ಆ ಒಂದು ಪದದಲ್ಲಿ. ಅದನ್ನು ಕಿವಿಯಾರೆ ಕೇಳಲಾದರೂ ಮುಂದಿನ ಬಂದರಿನಲ್ಲಿ ಇಳಿದು ಬನ್ನಿ. ಈ ಕಾಗದ ಕೈಸೇರಿದ ಮೇಲೆ ದೂರದಲ್ಲಿ ಕೂತು ಯೋಚನೆ ಮಾಡಬೇಡಿ. ನಿಮಗೂ ಆ ಚಟವಿದೆ, ನನಗೆ ಗೊತ್ತು.

ಮಾವನ ಆಶೀರ್ವಾದ ಎಂದು ಬರೆಯಬೇಕು, ಆದರೆ ಈ ಕಾಗದ ಅವರಿಗೆ ಗೊತ್ತಿಲ್ಲ. ನನ್ನದಷ್ಟೇ ನಮಸ್ಕಾರ. ಬೆನ್ನಿಗೆ ಎಣ್ಣೆ ಹಚ್ಚಿಕೊಳ್ಳಿ.

ನಿಮ್ಮ ದಾರಿ ಕಾಯುವ,
ನಿಮ್ಮವಳು

ಮರೆತಿದ್ದು: ಅಂಚೆಗೆ ಹಾಕಲು ಚಪ್ಪಲಿ ಮೆಟ್ಟಿದ್ದೆ, ವಾಪಸ್ ಬಂದು ನಿಂತೇ ಬರೆಯುತ್ತಿದ್ದೇನೆ. ಮೇಲೆ ಬರೆದ ಒಂದು ಮಾತು ಈಗ ನಿಜವಲ್ಲ. ಹೊರಡುವ ಮುಂಚೆ ಅತ್ತೆಗೆ ನೀರು ಬೇಕೇ ಎಂದು ಕೇಳಿದೆ. ಬಾಯಿ ತೆರೆದರು, ಬರೀ ಉಸಿರು ಬಂತು. ಮತ್ತೆ ಕೇಳಿದೆ, ಮತ್ತೆ ಉಸಿರು. ಡಾಕ್ಟರಿಗೆ ಹೇಳಿ ಕಳಿಸಿದ್ದೇನೆ. ಮಾವ ಅತ್ತೆಯ ಕೈ ಹಿಡಿದುಕೊಂಡು "ಪೆನ್ಶಿವ್, ಪೆನ್ಶಿವ್" ಎನ್ನುತ್ತಲೇ ಇದ್ದಾರೆ. 'ಶಿ'ಯನ್ನು ಒತ್ತಿ ಒತ್ತಿ, ಬೇಕೆಂದೇ ತಪ್ಪು ಹೇಳುತ್ತಿದ್ದಾರೆ. ಅತ್ತೆ ಅವರ ಬಾಯನ್ನೇ ನೋಡುತ್ತಿದ್ದಾರೆ, ತಿದ್ದುತ್ತಿಲ್ಲ. ಆದರೂ ಬನ್ನಿ.