ನೀವು ಹಾಕಿದ ನನ್ನ ಸಹಿ

ಮಗಳ ಮನೆ, ಅಡುಗೆಮನೆಯ ಮೇಜು
ಏಳನೇ ತಾರೀಖು, ಮಂಗಳವಾರ ಮಧ್ಯಾಹ್ನ

ನಮ್ಮ ಮನೆಯ ಹೆಡ್‌ಮಾಸ್ತರರಿಗೆ ನಮಸ್ಕಾರ.

ಮಂಡಿನೋವು ಹೇಗಿದೆ? ಬೆಳಗಿನ ಮಾತ್ರೆಯನ್ನು ತಿಂಡಿಗೆ ಮೊದಲು ನುಂಗುತ್ತಿದ್ದೀರೋ, ನಾನಿಲ್ಲವೆಂದು ಅದಕ್ಕೂ ರಜೆ ಕೊಟ್ಟಿದ್ದೀರೋ? ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಮಗಳು ಸ್ಪೀಕರ್ ಹಾಕಿಕೊಂಡು ಪಕ್ಕದಲ್ಲೇ ಮಲಗಿರುತ್ತಾಳೆ. ಅವಳ ಬಿ.ಪಿ. ಏರಬಾರದು, ಯಾವ ಗಾಬರಿಯ ಸುದ್ದಿಯೂ ಕಿವಿಗೆ ಬೀಳಬಾರದು ಎಂದು ಡಾಕ್ಟರಮ್ಮ ಕಟ್ಟಪ್ಪಣೆ ಮಾಡಿದ್ದಾರೆ. ಅಳಿಯಂದಿರ ಆಫೀಸಿನವರೊಬ್ಬರು ನಾಳೆ ನಮ್ಮೂರಿಗೆ ಹೊರಟು ಭಾನುವಾರ ವಾಪಸಾಗುತ್ತಾರಂತೆ. ಅದಕ್ಕೇ ಈ ಕಾಗದ.

ವಿಷಯ ವೀಸಾದ್ದು. ನನ್ನದು ಹದಿನಾರಕ್ಕೆ ಮುಗಿಯುತ್ತದೆ, ಮಗಳ ಹೆರಿಗೆಗೆ ದಿನ ಕೊಟ್ಟಿರುವುದು ತಿಂಗಳ ಕೊನೆಗೆ. ಇನ್ನು ಮೂರು ತಿಂಗಳು ಇರಲು ಬಿಡಿ ಎಂದು ಅಳಿಯಂದಿರು ಅರ್ಜಿ ಹಾಕಿದ್ದಾರೆ. ಬ್ಯಾಂಕಿನ ಕಾಗದ, ಡಾಕ್ಟರ ಚೀಟಿ, ಎರಡೂ ಕಿವಿ ಕಾಣುವಂಥ ನನ್ನ ಫೋಟೊ (ಥೇಟ್ ಕಳ್ಳಿಯ ಹಾಗಿದ್ದೇನೆ), ಎಲ್ಲ ಸರಿಯಾಗಿತ್ತು. ಶನಿವಾರ ಊಟಕ್ಕೆ ಕೂತಾಗ ಅವರು, "ಅತ್ತೆ, ಹದಿಮೂರಕ್ಕೆ ಅಧಿಕಾರಿ ಎದುರು ಪಾಸ್‌ಪೋರ್ಟಲ್ಲಿರೋ ಹಾಗೇ ಒಂದು ಸೈನ್ ಹಾಕಿಬಿಟ್ರೆ ಮುಗೀತು" ಎಂದರು. ನಾನು ಅರ್ಧ ಊಟಕ್ಕೇ ಕೈ ತೊಳೆದುಬಿಟ್ಟೆ.

ಪಾಸ್‌ಪೋರ್ಟಿನಲ್ಲಿರುವುದು ನನ್ನ ಸಹಿಯೇ ಅಲ್ಲವಲ್ಲ! ಮರೆತಿರಾ? ಏಜೆಂಟರು ಅರ್ಜಿ ತಂದ ದಿನ ನಾನು ತಂಗಿಯ ಮನೆಯಲ್ಲಿದ್ದೆ. "ಇಷ್ಟಕ್ಕೆಲ್ಲ ನೀನು ಬಸ್ಸು ಹತ್ತಿ ಬರ್ಬೇಕೇನೆ? ನಾನಿಲ್ವಾ?" ಎಂದು ಫೋನಿಟ್ಟು, ನನ್ನ ಹೆಸರನ್ನು ನೀವೇ ಬಳ್ಳಿ ಬಿಟ್ಟ ಹಾಗೆ ಬರೆದು ಕೊಟ್ಟಿರಿ. ಈಗಿರುವ ವೀಸಾದ ಅರ್ಜಿಗೂ ಅದೇ ಕೈ. ನನ್ನ ಸಹಿ ಕೋಳಿ ಕೆದರಿದ ಹಾಗಿರುತ್ತದೆಂದು ಮದುವೆಯಾದ ಲಾಗಾಯ್ತು ಬ್ಯಾಂಕು, ಗ್ಯಾಸು, ಮಗಳ ಮಾರ್ಕ್ಸ್ ಕಾರ್ಡು ಎಲ್ಲದಕ್ಕೂ ನೀವೇ. ಅಪ್ಪನ ಸಹಿ ತಾವೇ ಹಾಕಿಕೊಂಡು ಬಂದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ ಮಹಾನುಭಾವರು! ನಾನೂ ಸುಮ್ಮನಿದ್ದೆ, ಸುಖವಾಗಿತ್ತು. ತಪ್ಪು ನನ್ನದೂ ಇದೆ.

ಮೂರು ದಿನದಿಂದ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ವಾಷಿಂಗ್ ಮೆಷಿನ್ ಮೇಲೆ ಹಾಳೆಯಿಟ್ಟು ನನ್ನ ಹೆಸರನ್ನೇ ತಿದ್ದುತ್ತಿದ್ದೇನೆ. ಕೊನೆಗೆ ನೀವು ಬಾಲ ಎಳೆದು, ಸುತ್ತಿ, ಅದರೊಳಗೊಂದು ಚುಕ್ಕೆ ಇಡುತ್ತೀರಲ್ಲ, ಅಲ್ಲಿಗೆ ಬಂದರೆ ಪೆನ್ನು ದಾರಿ ತಪ್ಪುತ್ತದೆ. ಹೊಟ್ಟೆ ಕೆಟ್ಟಿದೆಯೇನಮ್ಮ ಎಂದು ಮಗಳು ಎರಡು ಸಲ ಕೇಳಿದಳು. ಹೋದ ವರ್ಷ ಆರನೇ ತಿಂಗಳಲ್ಲಿ ಮಗು ಕಳೆದುಕೊಂಡಾಗ ಅವಳ ಹತ್ತಿರ ನಾನಿರಲಿಲ್ಲ. ಈ ಸಲವೂ ಹೆರಿಗೆಗೆ ಮೊದಲೇ ನನ್ನನ್ನು ವಿಮಾನ ಹತ್ತಿಸಿದರೆ ನಾನು ಬದುಕಿದ್ದೂ ಸತ್ತ ಹಾಗೆ. ಆ ಸಹಿಯನ್ನು ದೊಡ್ಡದಾಗಿ, ನಿಧಾನವಾಗಿ ಹತ್ತು ಸಲ ಬರೆದು, ಎಲ್ಲಿ ಶುರು, ಎಲ್ಲಿ ತಿರುವು ಎಂದು ಬಾಣದ ಗುರುತು ಹಾಕಿ, ಲಕೋಟೆ ಅಂಟಿಸಿ ಈ ಕಾಗದ ತಂದವರ ಕೈಯಲ್ಲೇ ಕಳಿಸಿ. ಭಾನುವಾರ ಕೂತು ಕಲಿಯುತ್ತೇನೆ.

ಹಾಲಿನವನಿಗೆ ಅರ್ಧ ಲೀಟರ್ ಸಾಕೆಂದು ಹೇಳಿ. ತಂಗಿಗೆ ಇದನ್ನೆಲ್ಲ ಹೇಳಬೇಡಿ, ಅವಳ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಅವಳ ಮಕ್ಕಳಿಗೆ ನನ್ನ ಆಶೀರ್ವಾದ, ನಿಮ್ಮ ಮಂಡಿಗೆ ಎರಡು ಹೊತ್ತು ಎಣ್ಣೆ.

ಇಂತಿ,
ನಿಮ್ಮ ಮನೆಯವಳು

ತಾ.ಕ.: ಹತ್ತು ಸಹಿ ಬೇಡ! ಈಗತಾನೇ ಮಗಳು ನೀರಿಗೆಂದು ಎದ್ದು ಬಂದವಳು ನಿಮಗೆ ಕಳಿಸಲೆಂದು ಮೇಜಿನ ಮೇಲಿಟ್ಟಿದ್ದ ತಿದ್ದಿದ ಹಾಳೆಗಳನ್ನು ನೋಡಿಬಿಟ್ಟಳು. ನಾನು ಸೆರಗಿನಲ್ಲಿ ಮುಚ್ಚುವಷ್ಟರಲ್ಲಿ, "ಇದು ಅಪ್ಪನ ಸೈನು. ನನ್ನ ಮಾರ್ಕ್ಸ್ ಕಾರ್ಡಲ್ಲಿ ಹತ್ತು ವರ್ಷ ನೋಡಿಲ್ವಾ?" ಎಂದು ನಕ್ಕಳು. ಎಲ್ಲ ಹೇಳಿದೆ, ಆಮೇಲೆ ಅತ್ತಳು. ಬಿ.ಪಿ. ನೋಡಿದೆವು, ಏರಿಲ್ಲ, ಪುಣ್ಯ. "ಕಳ್ಳ ಸೈನ್ ಹಾಕಿ ಸಿಕ್ಕಿಬಿದ್ರೆ ಮತ್ತೆ ಯಾವತ್ತೂ ನಿನ್ನ ಇಲ್ಲಿಗೆ ಬಿಡಲ್ಲಮ್ಮ. ಮಗೂನ ಫೋಟೊದಲ್ಲೇ ನೋಡ್ಬೇಕಾಗುತ್ತೆ" ಎಂದಳು. ಅಧಿಕಾರಿಯ ಎದುರು ನನ್ನ ಕೋಳಿ ಸಹಿಯನ್ನೇ ಹಾಕಿ ನಿಜ ಹೇಳುತ್ತೇನೆ. ನೀವು, ಹೆಂಡತಿಯ ಸಹಿ ಹಾಕಿದವನು ನಾನೇ, ಅವಳನ್ನು ಕೇಳದೆ ಹಾಕಿದೆ ಎಂದು ಒಂದು ಹಾಳೆ ಬರೆದು ಕಳಿಸಿ. ಮರ್ಯಾದೆಯ ಪ್ರಶ್ನೆ, ಗೊತ್ತು. ಬೆಂಚಿನ ಮೇಲೆ ನಿಂತಾದರೂ ಬರೆಯಿರಿ. ಅಧಿಕಾರಿ ಒಪ್ಪುತ್ತಾರೋ ಇಲ್ಲವೋ ದೇವರೇ ಬಲ್ಲ. ಇವಳು ನನ್ನ ಎಡಗೈ ಹಿಡಿದವಳು ಇನ್ನೂ ಬಿಟ್ಟಿಲ್ಲ. ಹಾಳೆ ಒತ್ತಿಹಿಡಿಯಲು ಕೈಯಿಲ್ಲದೆ ಅಕ್ಷರ ಸೊಟ್ಟಗಾಗಿದೆ, ಬೈಯಬೇಡಿ.